ಮೋಟಾರ್‌ಹೋಮ್ ಡೀಸೆಲ್ ಎಂಜಿನ್‌ಗೆ ಯಾವ ಆಯಿಲ್? ಸಿಂಥೆಟಿಕ್ಕಾ, ಮಾಮೂಲಿದಾ?

ಅಮೆರಿಕದ ಹೈವೇಗಳಲ್ಲಿ ಬಸ್ಸಿನಷ್ಟು ದೊಡ್ಡ ಮನೆಗಳು ಓಡಾಡುತ್ತವೆ. ಒಳಗೆ ಅಡುಗೆಮನೆ, ಹಾಸಿಗೆ, ಬಾತ್‌ರೂಮ್, ಫ್ರಿಜ್ಜು ಎಲ್ಲಾ ಇರುತ್ತೆ. ಇವನ್ನೇ ಮೋಟಾರ್‌ಹೋಮ್ ಅನ್ನೋದು. ದೊಡ್ಡ ಗಾಡಿಗಳಲ್ಲಿ ಡೀಸೆಲ್ ಎಂಜಿನ್ ಹಿಂದೆ ಇರುತ್ತೆ, ಹಿಂದಿನಿಂದ ತಳ್ಳುತ್ತೆ ಅಂತ ಅವಕ್ಕೆ ‘ಡೀಸೆಲ್ ಪುಷರ್’ ಅಂತ ಹೆಸರು. ತೂಕ ಹೆಚ್ಚುಕಮ್ಮಿ 12ರಿಂದ 20 ಟನ್. ಎಂಜಿನ್ ಮಾತ್ರ ಲಾರಿಗಳದ್ದೇ: ಕಮ್ಮಿನ್ಸ್‌ನ 5.9 ಲೀಟರ್ ಅಥವಾ 6.7 ಲೀಟರ್, ಹಳೆಯ ಗಾಡಿಗಳಲ್ಲಿ ಕ್ಯಾಟರ್‌ಪಿಲ್ಲರ್ 3126.

ಎಷ್ಟೋ ಜನ ರಿಟೈರ್ ಆದಮೇಲೆ ಇದ್ದ ಮನೆ ಮಾರಿ ಇದರಲ್ಲೇ ಸಂಸಾರ ಮಾಡ್ತಾರೆ. ಅಂಥವರ ಎಂಜಿನ್ ಕೈಕೊಟ್ಟರೆ ಬರೀ ಗಾಡಿ ನಿಲ್ಲಲ್ಲ, ಮನೆಯೇ ರಸ್ತೆಬದಿಗೆ ಬಂದು ನಿಂತ ಹಾಗೆ. ಅದಕ್ಕೇ ಅವರಲ್ಲಿ ಒಂದು ಪ್ರಶ್ನೆ ಮುಗಿಯೋದೇ ಇಲ್ಲ: ದುಬಾರಿ ಸಿಂಥೆಟಿಕ್ ಆಯಿಲ್ ಹಾಕಬೇಕಾ, ಮಾಮೂಲಿ ಮಿನರಲ್ ಆಯಿಲ್ ಸಾಕಾ?

ಇದು ನಮಗ್ಯಾಕೆ ಅಂತೀರಾ? ಈ ಒಂದೇ ಪ್ರಶ್ನೆಯಲ್ಲಿ ನಮ್ಮ ಫ್ಲೂಯಿಡ್ ಮೆಕ್ಯಾನಿಕ್ಸು, ಕೆಮಿಸ್ಟ್ರಿ, ಥರ್ಮೊಡೈನಮಿಕ್ಸು ಮೂರೂ ಇವೆ. ಜೊತೆಗೆ ಒಂದು ಯೋಚನೆಯ ಕ್ರಮವೂ ಇದೆ. ‘ಯಾವ ಆಯಿಲ್ ಒಳ್ಳೇದು’ ಅನ್ನೋದು ಅರ್ಧ ಪ್ರಶ್ನೆ ಅಷ್ಟೇ. ಪೂರ್ತಿ ಪ್ರಶ್ನೆ ಇದು: ಈ ಗಾಡಿಯಲ್ಲಿ ಆಯಿಲ್‌ನ ಆಯಸ್ಸು ಮುಗಿಸೋದು ಯಾವುದು? ಶಾಖವಾ, ಚಳಿಯಾ, ಓಡಿದ ದೂರವಾ, ಕ್ಯಾಲೆಂಡರಾ?

ಎರಡಕ್ಕೂ ಇರುವ ವ್ಯತ್ಯಾಸ

ಎಂಜಿನ್ ಆಯಿಲ್ ಅಂದರೆ ಮುಕ್ಕಾಲು ಪಾಲಿಗೂ ಹೆಚ್ಚು ಬೇಸ್ ಆಯಿಲ್, ಉಳಿದದ್ದು ಅಡಿಟಿವ್‌ಗಳು. ಬೇಸ್ ಆಯಿಲ್‌ಗಳನ್ನು ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್, ಅಂದ್ರೆ ಎಪಿಐ, ಐದು ಗುಂಪು ಮಾಡಿದೆ. ಒಂದು, ಎರಡು, ಮೂರನೇ ಗುಂಪುಗಳು ಕಚ್ಚಾತೈಲದಿಂದ ಶುದ್ಧ ಮಾಡಿ ತೆಗೆದವು. ಗುಂಪಿನ ನಂಬರ್ ಹೆಚ್ಚಿದಂತೆ ಗಂಧಕ ಕಮ್ಮಿ, ಶುದ್ಧತೆ ಜಾಸ್ತಿ. ನಾಲ್ಕನೇ ಗುಂಪು ಪಿಎಒ, ಅಂದ್ರೆ ಪಾಲಿ ಆಲ್ಫಾ ಓಲಿಫಿನ್. ಎಸ್ಟರ್ ಥರದ ಉಳಿದೆಲ್ಲಾ ಬೇಸ್ ಆಯಿಲ್‌ಗಳು ಐದನೆಯದರಲ್ಲಿ ಬರುತ್ತವೆ.

ಮಿನರಲ್ ಆಯಿಲ್ ಕಲ್ಲು, ನುಚ್ಚು ಆರಿಸಿದ ಅಕ್ಕಿಯ ಹಾಗೆ. ಎಷ್ಟು ಚೆನ್ನಾಗಿ ಆರಿಸಿದರೂ ಕಾಳುಗಳು ಒಂದೇ ಅಳತೆ ಇರಲ್ಲ. ಪಿಎಒ ಹಾಗಲ್ಲ, ಚಿಕ್ಕ ಅಣುಗಳನ್ನು ಜೋಡಿಸಿ ಬೇಕಾದ ಅಳತೆಗೆ ಕಟ್ಟಿದ್ದು. ಅದರಲ್ಲಿ ಮೇಣ ಇರಲ್ಲ, ಹಾಗಾಗಿ ಚಳಿಯಲ್ಲಿ ಗಟ್ಟಿಯಾಗಲ್ಲ. ಡಿಸೆಂಬರ್ ಬೆಳಗ್ಗೆ ಕೊಬ್ಬರಿ ಎಣ್ಣೆ ಬಾಟಲಿ ತಲೆಕೆಳಗು ಮಾಡಿದರೂ ಎಣ್ಣೆ ಬರಲ್ಲ ಅಲ್ವಾ? ಆದರೆ ಪಕ್ಕದಲ್ಲೇ ಇರೋ ಸೂರ್ಯಕಾಂತಿ ಎಣ್ಣೆ ಸಲೀಸಾಗಿ ಸುರಿಯುತ್ತೆ. ಅಣುವಿನ ಆಕಾರ ಬದಲಾದರೆ ಎಷ್ಟು ವ್ಯತ್ಯಾಸ ಅಂತ ಗೊತ್ತಾಗೋಕೆ ಇಷ್ಟು ಸಾಕು.

ಇಲ್ಲೊಂದು ಸೂಕ್ಷ್ಮ ಇದೆ. ಡಬ್ಬಿ ಮೇಲೆ ‘ಸಿಂಥೆಟಿಕ್’ ಅಂತ ಬರೆದಿದ್ದರೆ ಒಳಗಿರೋದು ಪಿಎಒ ಅಂತ ಅರ್ಥ ಅಲ್ಲ. ಮೂರನೇ ಗುಂಪಿನ ಆಯಿಲನ್ನು ಸಿಂಥೆಟಿಕ್ ಅಂತ ಮಾರಬಹುದಾ ಅನ್ನೋ ಬಗ್ಗೆ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ನಡುವೆ ಜಗಳ ಆಯ್ತು. ಜಾಹೀರಾತು ದೂರುಗಳನ್ನು ನೋಡುವ ಅಮೆರಿಕದ ಸಂಸ್ಥೆ 1999ರಲ್ಲಿ ಕ್ಯಾಸ್ಟ್ರಾಲ್ ಪರವಾಗಿ ಹೇಳಿತು. ಅಲ್ಲಿಂದೀಚೆಗೆ ಕಚ್ಚಾತೈಲದಿಂದಲೇ ಬಂದ, ಆದರೆ ತುಂಬಾ ಶುದ್ಧ ಮಾಡಿದ ಆಯಿಲ್ ಕೂಡ ಸಿಂಥೆಟಿಕ್ ಹೆಸರಲ್ಲಿ ಬರ್ತಿದೆ. ಅದು ಕಳಪೆ ಅಂತಲ್ಲ. ಆ ಪದ ಒಂದನ್ನೇ ನೋಡಿ ತೀರ್ಮಾನ ಮಾಡಬಾರದು ಅಷ್ಟೇ.

ನಂಬರ್‌ಗಳನ್ನು ಓದೋದು ಹೇಗೆ?

ನಾವೆಲ್ಲ ಲ್ಯಾಬಲ್ಲಿ ರೆಡ್‌ವುಡ್ ವಿಸ್ಕೋಮೀಟರ್ ಮುಂದೆ ಸ್ಟಾಪ್‌ವಾಚ್ ಹಿಡಿದು ನಿಲ್ತೀವಿ. ಅಲ್ಲಿ ಅಳೆಯೋ ವಿಸ್ಕಾಸಿಟಿಗೆ ಕನ್ನಡದಲ್ಲಿ ಸ್ನಿಗ್ಧತೆ ಅಂತಾರೆ. ಡೀಸೆಲ್‌ಗೆ ಮಾಮೂಲಿ ಆಯಿಲ್ ಅಂದರೆ ಸಾಧಾರಣವಾಗಿ 15ಡಬ್ಲ್ಯೂ-40, ಸಿಂಥೆಟಿಕ್ ಅಂದರೆ 5ಡಬ್ಲ್ಯೂ-40. ಡಬ್ಲ್ಯೂ ಅಂದರೆ ವಿಂಟರ್, ಚಳಿಗಾಲ.

ಎರಡರಲ್ಲೂ 40 ಇದೆ. ಅಂದರೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡರ ಸ್ನಿಗ್ಧತೆಯೂ 12.5ರಿಂದ 16.3 ಸೆಂಟಿಸ್ಟೋಕ್ಸ್ ಒಳಗೇ ಇರಬೇಕು. ಎಂಜಿನ್ ಬಿಸಿಯಾಗಿ ಓಡುವಾಗ ಬೇರಿಂಗ್‌ಗೆ ಸಿಗುವ ಪದರ ಹೆಚ್ಚುಕಮ್ಮಿ ಒಂದೇ. ವ್ಯತ್ಯಾಸ ಇರೋದು ಚಳಿಯ ನಂಬರಿನಲ್ಲಿ. ಎಸ್‌ಎಇ ನಿಯಮದ ಪ್ರಕಾರ 15ಡಬ್ಲ್ಯೂ ಆಯಿಲ್ −25 ಡಿಗ್ರಿವರೆಗೆ ಪಂಪ್ ಆಗುವಷ್ಟು ತೆಳ್ಳಗಿರಬೇಕು, 5ಡಬ್ಲ್ಯೂ −35 ಡಿಗ್ರಿವರೆಗೆ. ಕ್ರ್ಯಾಂಕ್ ತಿರುಗಿಸೋ ಪರೀಕ್ಷೆ 15ಡಬ್ಲ್ಯೂಗೆ −20ರಲ್ಲಿ, 5ಡಬ್ಲ್ಯೂಗೆ −30ರಲ್ಲಿ.

ಮಿನ್ನೆಸೋಟದಲ್ಲಿ ಜನವರಿ ರಾತ್ರಿ −20 ಆಗೋದು ಮಾಮೂಲಿ. ಅಂಥ ಬೆಳಗ್ಗೆ ಗಾಡಿ ಸ್ಟಾರ್ಟ್ ಮಾಡೋನಿಗೆ ಈ ಹತ್ತು ಡಿಗ್ರಿ ಬಹಳ ದೊಡ್ಡದು. ಆಯಿಲ್ ಮೇಲಕ್ಕೆ ಹತ್ತೋಕೆ ತಡವಾದಷ್ಟೂ ಟರ್ಬೊ, ಕ್ಯಾಮ್‌ಶಾಫ್ಟ್‌ಗಳಲ್ಲಿ ಲೋಹಕ್ಕೆ ಲೋಹ ಉಜ್ಜುತ್ತೆ. ಕ್ಯಾಟರ್‌ಪಿಲ್ಲರ್ 3126ರಲ್ಲಿ ಇನ್ನೊಂದು ವಿಷಯ ಇದೆ. ಅದರ ಇಂಜೆಕ್ಟರ್‌ಗಳನ್ನು ಒತ್ತೋದೇ ಎಂಜಿನ್ ಆಯಿಲ್, ಅದೂ 200 ಬಾರ್ ದಾಟುವ ಒತ್ತಡದಲ್ಲಿ. ಚಳಿಗೆ ಆಯಿಲ್ ಗಟ್ಟಿಯಾದರೆ ಅಲ್ಲಿ ಲೂಬ್ರಿಕೇಶನ್ ಮಾತ್ರ ಅಲ್ಲ, ಡೀಸೆಲ್ ಸಿಂಪಡಣೆಯೇ ಎಡವಟ್ಟಾಗುತ್ತೆ.

ಆದರೆ ಮೋಟಾರ್‌ಹೋಮ್‌ನವರಲ್ಲಿ ಬಹಳ ಮಂದಿ ಚಳಿ ಶುರುವಾಗೋ ಮುಂಚೆಯೇ ಅರಿಝೋನಾ, ಫ್ಲಾರಿಡಾ ಕಡೆ ಹೊರಟುಬಿಡ್ತಾರೆ. ಇನ್ನು ಕೆಲವರು ಗಾಡಿನ ಶೆಡ್‌ನಲ್ಲಿ ಮುಚ್ಚಿಟ್ಟು ಏಪ್ರಿಲ್‌ವರೆಗೆ ಮುಟ್ಟೋದೇ ಇಲ್ಲ. ಅವರ ಎಂಜಿನ್ −20ರಲ್ಲಿ ಸ್ಟಾರ್ಟ್ ಆಗುವ ಪ್ರಸಂಗವೇ ಬರಲ್ಲ. ಬಾರದ ಚಳಿಗೆ ದುಡ್ಡು ಕೊಟ್ಟ ಹಾಗಾಯ್ತು.

ದೂರದ ಲೆಕ್ಕ, ಕ್ಯಾಲೆಂಡರ್ ಲೆಕ್ಕ

ಸಿಂಥೆಟಿಕ್ ಪರವಾಗಿ ಹೇಳೋ ಇನ್ನೊಂದು ಮಾತು, ಅದು ಹೆಚ್ಚು ದಿನ ಬಾಳುತ್ತೆ ಅಂತ. ಇದು ನಿಜ. ಶಾಖಕ್ಕೆ ಆಯಿಲ್ ಆಕ್ಸಿಡೈಸ್ ಆಗುತ್ತೆ. ಆರ‍್ಹೀನಿಯಸ್ ಸಮೀಕರಣ ನೆನಪಿದೆಯಲ್ಲ, ಸ್ಥೂಲವಾಗಿ ಪ್ರತಿ 10 ಡಿಗ್ರಿ ಏರಿದಾಗ ಈ ವೇಗ ಎರಡು ಪಟ್ಟಾಗುತ್ತೆ ಅಂತ ಲೆಕ್ಕ ಹಿಡೀತಾರೆ. ಸಿಂಥೆಟಿಕ್ ಇದನ್ನು ಚೆನ್ನಾಗಿ ತಡೆಯುತ್ತೆ.

ಆದರೆ ಆಯಿಲ್ ಕೆಡೋಕೆ ಶಾಖ ಒಂದೇ ಕಾರಣ ಅಲ್ಲ. ಡೀಸೆಲ್ ಉರಿದಾಗ ಮಸಿ, ನೀರಾವಿ, ಆಮ್ಲಗಳು ಹುಟ್ಟಿ ಸ್ವಲ್ಪ ಸ್ವಲ್ಪ ಸಂಪ್‌ಗೆ ಇಳಿಯುತ್ತವೆ. ಆಮ್ಲವನ್ನು ಸುಮ್ಮನಾಗಿಸೋಕೆ ಆಯಿಲ್‌ನಲ್ಲಿ ಕ್ಷಾರದ ಅಡಿಟಿವ್ ಇಟ್ಟಿರ್ತಾರೆ. ಆ ದಾಸ್ತಾನನ್ನು ಟಿಬಿಎನ್ ಅನ್ನೋ ನಂಬರಿನಲ್ಲಿ ಅಳೀತಾರೆ. ಅದು ಕರಗುತ್ತಾ ಹೋಗುತ್ತೆ. ಬೇಸ್ ಆಯಿಲ್ ಎಷ್ಟೇ ದುಬಾರಿ ಇದ್ದರೂ ಒಳಗೆ ಬಿದ್ದ ಮಸಿ ಮಸಿಯೇ, ನೀರು ನೀರೇ. ಅದಕ್ಕೇ ತಯಾರಕರು ಆಯಿಲ್ ಬದಲಿಸೋಕೆ ‘ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು’ ಅಂತ ಬರೀತಾರೆ.

ಈಗ ಒಂದು ಲೆಕ್ಕ ಮಾಡೋಣ. ನಂಬರ್‌ಗಳು ಅಂದಾಜಿನವು, ಕ್ರಮ ಮುಖ್ಯ. ಸಂಪ್‌ಗೆ 15 ಲೀಟರ್ ಹಿಡಿಯುತ್ತೆ, ಮಾಮೂಲಿ ಆಯಿಲ್ ಲೀಟರಿಗೆ 5 ಡಾಲರ್, ಸಿಂಥೆಟಿಕ್ 8 ಡಾಲರ್ ಅಂತಿಟ್ಟುಕೊಳ್ಳಿ. ಒಂದು ಸಲಕ್ಕೆ 75 ಮತ್ತು 120 ಡಾಲರ್. ಮಾಮೂಲಿಗೆ 20,000 ಕಿ.ಮೀ., ಸಿಂಥೆಟಿಕ್‌ಗೆ 40,000 ಕಿ.ಮೀ. ಒಪ್ಪಿಗೆ ಇದೆ, ಆದರೆ ಎರಡಕ್ಕೂ ವರ್ಷಕ್ಕೊಮ್ಮೆ ಬದಲಿಸಲೇಬೇಕು ಅಂತಿರಲಿ.

ವರ್ಷಕ್ಕೆ 1,20,000 ಕಿ.ಮೀ. ಓಡೋ ಲಾರಿಗೆ ಮಾಮೂಲಿ ಆಯಿಲ್ 6 ಸಲ, ಅಂದರೆ 450 ಡಾಲರ್. ಸಿಂಥೆಟಿಕ್ 3 ಸಲ, 360 ಡಾಲರ್. ಉಳಿತಾಯ 90 ಡಾಲರ್, ಜೊತೆಗೆ ಮೂರು ಸಲ ಫಿಲ್ಟರು, ಮೂರು ಸಲ ಗ್ಯಾರೇಜಿನಲ್ಲಿ ನಿಲ್ಲೋದು ತಪ್ಪಿತು. ಲಾರಿಗೆ ಸಿಂಥೆಟಿಕ್ಕೇ ಅಗ್ಗ!

ಅದೇ ಎಂಜಿನ್ ಇರುವ ಮೋಟಾರ್‌ಹೋಮ್ ವರ್ಷಕ್ಕೆ 8,000 ಕಿ.ಮೀ. ಓಡುತ್ತೆ ಅಂದುಕೊಳ್ಳಿ. ಯಾವ ಆಯಿಲ್ ಹಾಕಿದರೂ ವರ್ಷಕ್ಕೆ ಒಂದು ಸಲ. 75 ಎಲ್ಲಿ, 120 ಎಲ್ಲಿ? ಸಿಂಥೆಟಿಕ್‌ನ 40,000 ಕಿ.ಮೀ. ಶಕ್ತಿಯಲ್ಲಿ ಐದನೇ ಒಂದು ಭಾಗ ಬಳಸಿ ಉಳಿದದ್ದನ್ನು ಸುರಿದ ಹಾಗೆ. ಇಲ್ಲಿ ಆಯಿಲ್‌ನ ಆಯಸ್ಸು ಮುಗಿಸೋದು ದೂರ ಅಲ್ಲ, ಕ್ಯಾಲೆಂಡರ್. ‘ಸಿಂಥೆಟಿಕ್ ತಾನೇ, ಮೂರು ವರ್ಷ ಬಿಡೋಣ’ ಅಂತ ತಯಾರಕರ ಮಾತು ಮೀರಿದರೆ ಉಳಿಸಿದ ದುಡ್ಡಿಗಿಂತ ಬೇರಿಂಗ್ ಖರ್ಚೇ ಜಾಸ್ತಿ ಆಗಬಹುದು.

ಹಾಗಾದ್ರೆ ಸಿಂಥೆಟಿಕ್ ಯಾವಾಗ?

ಒಂದು, ಸುಮಾರು −15 ಡಿಗ್ರಿಗಿಂತ ಕೆಳಗೆ ಗಾಡಿ ಸ್ಟಾರ್ಟ್ ಮಾಡೋದಿದ್ದರೆ. ಎರಡು, ಭಾರ ಹೊತ್ತು ಗಂಟೆಗಟ್ಟಲೆ ಘಾಟಿ ಹತ್ತೋದಿದ್ದರೆ. ಕೊಲೊರಾಡೋದ ಐಸೆನ್‌ಹೋವರ್ ಸುರಂಗ 3,400 ಮೀಟರ್ ಎತ್ತರದಲ್ಲಿದೆ. ಬೇಸಿಗೆಯಲ್ಲಿ, ಹಿಂದೆ ಕಾರೊಂದನ್ನು ಕಟ್ಟಿಕೊಂಡು ಅಲ್ಲಿಗೆ ಹತ್ತೋ ಪುಷರ್‌ನ ಎಂಜಿನ್‌ಗೆ ಎದುರುಗಾಳಿಯೂ ನೇರ ಸಿಗಲ್ಲ, ಎಂಜಿನ್ ಹಿಂದೆ ಇದೆಯಲ್ಲ. ಪದೇ ಪದೇ ಹಾಗೆ ಬಿಸಿಯಾಗೋ ಗಾಡಿಗೆ ಸಿಂಥೆಟಿಕ್ ಕೊಡುವ ಅಂತರ ಬೆಲೆಬಾಳುತ್ತೆ. ಮೂರು, ತಯಾರಕರೇ ಬೇಕು ಅಂದಿದ್ದರೆ. ಅಲ್ಲಿ ಚರ್ಚೆಯೇ ಇಲ್ಲ.

ಬೇಸ್ ಆಯಿಲ್‌ಗಿಂತ ಮೊದಲು ನೋಡಬೇಕಾದ್ದು ಎಪಿಐ ದರ್ಜೆ. 2007ರ ಮಾಡೆಲ್‌ನಿಂದ ಅಮೆರಿಕದ ಭಾರಿ ಡೀಸೆಲ್ ಗಾಡಿಗಳಿಗೆ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಬಂತು. ಆಯಿಲ್‌ನ ಲೋಹದ ಅಡಿಟಿವ್‌ಗಳು ಉರಿದು ಉಳಿಸೋ ಬೂದಿ ಆ ಫಿಲ್ಟರಲ್ಲಿ ಕಟ್ಟಿಕೊಳ್ಳುತ್ತೆ, ಮಸಿ ಥರ ಸುಟ್ಟು ಹೋಗಲ್ಲ. ಅದಕ್ಕೇ ಸಿಜೆ-4, ಆಮೇಲೆ 2016ರ ಡಿಸೆಂಬರ್‌ನಲ್ಲಿ ಬಂದ ಸಿಕೆ-4 ದರ್ಜೆಗಳಲ್ಲಿ ಬೂದಿಯ ಮಿತಿ 1 ಶೇಕಡ. ಡಿಪಿಎಫ್ ಇರುವ ಗಾಡಿಗೆ ಹಳೇ ದರ್ಜೆಯ ಸಿಂಥೆಟಿಕ್‌ಗಿಂತ ಸಿಕೆ-4 ಮಾಮೂಲಿ ಆಯಿಲ್ಲೇ ವಾಸಿ. ಸಿಕೆ-4 ಜೊತೆಗೇ ಬಂದ ಎಫ್‌ಎ-4 ಅನ್ನೋದು ಬೇರೆ, ಬಿಸಿಯಲ್ಲಿ ಇನ್ನೂ ತೆಳು. ತಯಾರಕರು ಒಪ್ಪದ ಎಂಜಿನ್‌ಗೆ ಅದನ್ನು ಹಾಕಬಾರದು.

ಒಂದು ಹಳೇ ಭಯದ ಬಗ್ಗೆಯೂ ಹೇಳಿಬಿಡೋಣ. ಸಿಂಥೆಟಿಕ್ ಹಾಕಿದರೆ ಸೀಲ್ ಸೋರುತ್ತೆ, ಒಮ್ಮೆ ಹಾಕಿದಮೇಲೆ ವಾಪಸ್ ಬರೋ ಹಾಗಿಲ್ಲ ಅಂತಾರೆ. ಪಿಎಒಗೆ ರಬ್ಬರ್ ಸೀಲನ್ನು ಕುಗ್ಗಿಸುವ ಗುಣ ಇರೋದು ನಿಜ. ಅದನ್ನು ಸರಿದೂಗಿಸೋಕೆ ಸೀಲನ್ನು ಉಬ್ಬಿಸುವ ಎಸ್ಟರ್ ಬೆರೆಸ್ತಾರೆ. ಒಂದೇ ದರ್ಜೆಯ ಎರಡು ಆಯಿಲ್ ಬೆರೆತರೂ ಎಂಜಿನ್ ಹಾಳಾಗಲ್ಲ. ದಾರಿಮಧ್ಯೆ ಮಟ್ಟ ಕಮ್ಮಿಯಾದರೆ ಸಿಕ್ಕಿದ್ದನ್ನು ತುಂಬಿಸಿ ಮುಂದೆ ಹೋಗಬಹುದು.

ನಿಂತ ಗಾಡಿಯ ಆರೈಕೆ

ತಿಂಗಳುಗಟ್ಟಲೆ ನಿಲ್ಲೋ ಗಾಡಿಗೆ ಆಯಿಲ್‌ನ ಜಾತಿಗಿಂತ ಬದಲಿಸೋ ಹೊತ್ತು ಮುಖ್ಯ. ನಿಲ್ಲಿಸೋ ಮುಂಚೆ ಬದಲಿಸಬೇಕು, ಹೊರಡೋ ಮುಂಚೆ ಅಲ್ಲ. ಇಲ್ಲಾಂದ್ರೆ ಹಳೇ ಆಯಿಲ್‌ನ ಆಮ್ಲ, ನೀರು ಚಳಿಗಾಲ ಪೂರ್ತಿ ಬೇರಿಂಗ್ ಮೇಲೆ ಕೂತಿರುತ್ತವೆ. ವಾರಕ್ಕೊಮ್ಮೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡೋ ಅಭ್ಯಾಸವೂ ಒಳ್ಳೇದಲ್ಲ. ಅಷ್ಟರಲ್ಲಿ ಆಯಿಲ್ ಬಿಸಿಯೇರಲ್ಲ, ನೀರು ಆವಿಯಾಗಲ್ಲ, ಒಳಗೆ ಇನ್ನಷ್ಟು ಸೇರುತ್ತೆ ಅಷ್ಟೇ. ಓಡಿಸಿದರೆ ಆಯಿಲ್ ಪೂರ್ತಿ ಬಿಸಿಯಾಗುವಷ್ಟು ಓಡಿಸಬೇಕು.

ನಮ್ಮ ಕಡೆಗೆ ಬಂದರೆ ಚಳಿಯ ವಾದ ಬಿದ್ದೇಹೋಗುತ್ತೆ. ಬೆಂಗಳೂರಿನ ಅತಿ ಕಡಿಮೆ ತಾಪಮಾನದ ದಾಖಲೆ 1884ರ ಜನವರಿಯ 7.8 ಡಿಗ್ರಿ. 15ಡಬ್ಲ್ಯೂಗೆ ಅದು ಚಳಿಯೇ ಅಲ್ಲ. ಆದರೆ ದರ್ಜೆಯ ವಾದ ಇಲ್ಲಿಗೂ ಅನ್ವಯಿಸುತ್ತೆ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಡೀಸೆಲ್ ಗಾಡಿಗಳಲ್ಲೂ ಡಿಪಿಎಫ್ ಇದೆ.

ಕೊನೆಗೆ ನಿಮಗೊಂದು ಮನೆಗೆಲಸ. ಮನೆಯಲ್ಲೋ ಊರಲ್ಲೋ ಇರೋ ಒಂದು ಡೀಸೆಲ್ ಗಾಡಿ ಆರಿಸಿಕೊಳ್ಳಿ. ಟ್ರ್ಯಾಕ್ಟರ್, ಟೆಂಪೊ, ಜನರೇಟರ್ ಯಾವುದಾದರೂ ಸರಿ. ಮ್ಯಾನ್ಯುವಲ್ ತೆಗೆದು ನಾಲ್ಕೇ ಸಾಲು ಬರೆದುಕೊಳ್ಳಿ: ಯಾವ ದರ್ಜೆ ಕೇಳಿದ್ದಾರೆ, ಎಷ್ಟು ತಣ್ಣಗೆ ಸ್ಟಾರ್ಟ್ ಆಗುತ್ತೆ, ವರ್ಷಕ್ಕೆ ಎಷ್ಟು ಓಡುತ್ತೆ, ಎಷ್ಟು ತಿಂಗಳು ಸುಮ್ಮನೆ ನಿಲ್ಲುತ್ತೆ. ಆಮೇಲೆ ಮೇಲಿನ ಲೆಕ್ಕ ಹಾಕಿ. ಅಂಗಡಿಯವರು ಯಾವ ಡಬ್ಬಿ ತೋರಿಸಿದರೂ ಉತ್ತರ ನಿಮ್ಮ ಹಾಳೆಯಲ್ಲೇ ಇರುತ್ತೆ.