ಶಿಕ್ಷಣ ಮತ್ತು ಸಮಾಜ ಸೇವಾ ಅಗತ್ಯಗಳ ಸಮೀಕ್ಷೆ: ಉತ್ತರಗಳ ವರ್ಗೀಕರಣ ಹಾಗೂ ಸಂಕೇತೀಕರಣ

ಮನೆ-ಮನೆ ಸಮೀಕ್ಷೆಯ ನಮೂನೆಗಳು ಪಂಚಾಯಿತಿ ಕಚೇರಿಗೆ ಬಂದ ನಂತರ, ಕುಟುಂಬದವರು ಹೇಳಿದ ಮಾತನ್ನು ಸಂಖ್ಯೆಯಾಗಿ ಮಾರ್ಪಡಿಸುವ ಕಾರ್ಯಕ್ಕೆ ಸಂಕೇತೀಕರಣವೆಂದು ಹೆಸರು. ನಮೂನೆಯು ಕಪಾಟು ಸೇರಿದ ಮೇಲೆ ಯೋಜನೆ ತಯಾರಿಸುವವರ ಮುಂದೆ ಉಳಿಯುವುದು ಆ ಸಂಖ್ಯೆ ಮಾತ್ರ. ಇಲ್ಲಿ ಕಳೆದುಹೋದ ಅಗತ್ಯವು ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯಲ್ಲಿ ಮತ್ತೆ ಕಾಣಸಿಗದು.

ನಮ್ಮ ಜಿಲ್ಲೆಯ ಕುಂದಗೋಳ, ನವಲಗುಂದ ಭಾಗದ ಎರೆಭೂಮಿಯ ಊರೊಂದರಲ್ಲಿ, ಹತ್ತಿ ಬಿಡಿಸುವ ಕಾಲದಲ್ಲಿ, ಮಗಳು ಶಾಲೆಗೆ ಹೋಗದಿರುವ ಕಾರಣವನ್ನು ಕೇಳಿದಾಗ ತಾಯಿಯು "ನಾ ಹತ್ತಿ ಬಿಡಸಾಕ ಹೊಕ್ಕೇನ್ರಿ, ಅಕಿ ತಮ್ಮನ್ನ ನೋಡ್ಕೊಂಡು ಮನ್ಯಾಗ ಇರತಾಳ" ಎಂದು ಉತ್ತರಿಸಿದರೆಂದು ಭಾವಿಸೋಣ. ಇದನ್ನು ಒಬ್ಬ ಗಣತಿದಾರರು 'ಮನೆಗೆಲಸ' ಎಂದೂ, ಇನ್ನೊಬ್ಬರು 'ಪೋಷಕರ ನಿರಾಸಕ್ತಿ' ಎಂದೂ, ಮತ್ತೊಬ್ಬರು 'ಇತರೆ' ಎಂದೂ ಗುರುತಿಸುವ ಸಂಭವವಿದೆ. ಮೊದಲೆರಡನ್ನು ಓದಿದ ಶಿಕ್ಷಕರು ಪೋಷಕರ ಮನವೊಲಿಸಲು ತೆರಳುತ್ತಾರೆ. ಮೂರನೆಯದಕ್ಕಾಗಿ ಯಾರೂ ತೆರಳುವುದಿಲ್ಲ. ವಾಸ್ತವದಲ್ಲಿ ಆ ತಾಯಿಗೆ ಉಪದೇಶ ಬೇಕಿಲ್ಲ, ಮಗುವನ್ನು ಬಿಟ್ಟುಹೋಗಲು ಸ್ಥಳ ಬೇಕಾಗಿದೆ. 'ಒಡಹುಟ್ಟಿದವರ ಆರೈಕೆ' ಎಂಬ ಪ್ರತ್ಯೇಕ ಸಂಕೇತವಿದ್ದು, ತಮ್ಮನ ವಯಸ್ಸನ್ನೂ ನಮೂದಿಸಿದ್ದರೆ, ಪಂಚಾಯಿತಿಯ ಕೂಸಿನ ಮನೆ ಸಾಲುವುದೇ, ಅಂಗನವಾಡಿಯ ಸಮಯವು ತಾಯಿಯ ಕೂಲಿಯ ಸಮಯಕ್ಕೆ ಹೊಂದುವುದೇ ಎಂಬ ಪ್ರಶ್ನೆಯನ್ನು ಸಭೆಯಲ್ಲಿ ಎತ್ತಬಹುದು. ಸಂಕೇತ ಬದಲಾದರೆ ಹೊಣೆಗಾರ ಇಲಾಖೆಯೇ ಬದಲಾಗುತ್ತದೆ.

ಆದಕಾರಣ ಉತ್ತರವನ್ನು ಹೇಳಿದ ಮಾತಿನಲ್ಲಿಯೇ ಬರೆದುಕೊಳ್ಳತಕ್ಕದ್ದು. ಹೊಸ್ತಿಲಲ್ಲಿ ನಿಂತು ಸಂಕೇತ ನೀಡಬಾರದು. ಕಾಮಗಾರಿಯ ಅಳತೆ ಪುಸ್ತಕದಲ್ಲಿ ಉದ್ದ, ಅಗಲ, ಆಳಗಳನ್ನು ಬಿಟ್ಟು ನೇರವಾಗಿ ಮೊತ್ತ ಬರೆದರೆ ಯಾವ ಅಭಿಯಂತರರೂ ಸಹಿ ಹಾಕರು. ಸಮೀಕ್ಷೆಯಲ್ಲಿ ಮಾತ್ರ ನಾವು ಅದನ್ನು ಸಹಿಸುತ್ತೇವೆ. ಎಲ್ಲ ಓಣಿಗಳಿಂದ ಕೆಲವು ನಮೂನೆಗಳನ್ನು ಆರಿಸಿ, ಇಬ್ಬರು ಪ್ರತ್ಯೇಕವಾಗಿ ಸಂಕೇತ ನೀಡಿ ಹೋಲಿಸಿದರೆ, ಭಿನ್ನಾಭಿಪ್ರಾಯ ಬಂದ ಕಡೆಯಲ್ಲೆಲ್ಲ ವರ್ಗದ ವ್ಯಾಖ್ಯೆ ಸಡಿಲವಾಗಿದೆಯೆಂದು ತಿಳಿಯುತ್ತದೆ. 'ಇತರೆ'ಯಲ್ಲಿ ಒಂದೇ ಬಗೆಯ ಉತ್ತರ ಮರಳಿ ಮರಳಿ ಬಂದರೆ ಅದಕ್ಕೆ ಹೊಸ ಸಂಖ್ಯೆ ನೀಡಬೇಕು.

ಶಾಲೆ ಬಿಟ್ಟ ಮಗು ಮತ್ತು ಎಂದೂ ಶಾಲೆಗೆ ಸೇರದ ಮಗುವನ್ನು 2011ರ ಜನಗಣತಿಯು ಬೇರೆ ಬೇರೆಯಾಗಿ ಎಣಿಸಿತ್ತು. ನಾವೂ ಹಾಗೆಯೇ ಮಾಡಬೇಕು. ಶಾಲೆ ಬಿಟ್ಟ ಮಗುವಿನ ಗುರುತು ದಾಖಲಾತಿ ವಹಿಯಲ್ಲಾದರೂ ಉಳಿದಿರುತ್ತದೆ. ಎಂದೂ ಸೇರದ ಮಗುವನ್ನು ಕಾಣಬಲ್ಲದ್ದು ಮನೆ-ಮನೆ ಸಮೀಕ್ಷೆಯೊಂದೇ.

ಅಂಗವೈಕಲ್ಯದ ವಿಷಯದಲ್ಲಿ ಅದೇ ಜನಗಣತಿಯು 8 ವಿಧಗಳನ್ನು ಬಳಸಿದರೆ, 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು 21 ವಿಧಗಳನ್ನು ಹೇಳುತ್ತದೆ. 'ದೃಷ್ಟಿ ದೋಷ' ಎಂದಷ್ಟೇ ಬರೆದರೆ ಬ್ರೈಲ್ ಪುಸ್ತಕ ಬೇಕಾದ ಮಗು ಯಾವುದು, ದೊಡ್ಡ ಅಕ್ಷರದ ಪುಸ್ತಕ ಸಾಕಾಗುವ ಮಗು ಯಾವುದು ಎಂದು ತಿಳಿಯದು. ವಿವರವಾಗಿ ದಾಖಲಿಸಿದ್ದನ್ನು ಮುಂದೆ ಒಟ್ಟುಗೂಡಿಸಬಹುದು. ಒಟ್ಟಾಗಿ ದಾಖಲಿಸಿದ್ದನ್ನು ಬಿಡಿಸಲಾಗದು.

'ಇಲ್ಲ', 'ಅನ್ವಯಿಸುವುದಿಲ್ಲ', 'ಮಾಹಿತಿ ದೊರೆತಿಲ್ಲ' ಇವು ಮೂರು ಬೇರೆ ಸಂಕೇತಗಳು. ಗೋವೆಗೆ ದುಡಿಯಲು ಹೋದ ಕುಟುಂಬದ ಬೀಗ ಹಾಕಿದ ಮನೆಗೆ ಸೊನ್ನೆ ಬರೆದರೆ, ಅಲ್ಲಿ ಮಕ್ಕಳೇ ಇಲ್ಲವೆಂದಾಗುತ್ತದೆ. ಅಂತಹ ಮನೆಗಳ ಪಟ್ಟಿಯನ್ನು ಪ್ರತ್ಯೇಕವಾಗಿಟ್ಟು, ಕುಟುಂಬವು ಮರಳಿದ ನಂತರ ಪುನಃ ಭೇಟಿ ನೀಡತಕ್ಕದ್ದು. ಮಕ್ಕಳ ಗ್ರಾಮ ಸಭೆಯಲ್ಲಿ ಅಂಕಿ-ಅಂಶ ಮಂಡಿಸುವಾಗ ಸಂಕೇತಗಳ ಪಟ್ಟಿಯನ್ನೂ ಜೊತೆಗಿಡಬೇಕು. ಮಕ್ಕಳ ಹೆಸರು, ಮನೆ ಸಂಖ್ಯೆಗಳನ್ನು ಅದಕ್ಕೆ ಮುನ್ನವೇ ತೆಗೆದುಹಾಕಿರಬೇಕು.