ತಪ್ಪು ಮಾಡಿದಲ್ಲಿಗೇ ಹೋಗಿ ಹೇಳಿ

ರಾಯದುರ್ಗ, ಮಡಕಶಿರಾ ಸೀಮೆಯ ನಮ್ಮ ಮಕ್ಕಳಿಗೆ ಈ ಮಾತು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು ಆಡಿಕೊಂಡು ಬೆಳೆದವರು ನೀವು, ಎರಡರಲ್ಲೂ ಜಾಣರು. ಆದರೆ "ನನ್ನಿಂದ ತಪ್ಪಾಯ್ತು" ಎನ್ನಬೇಕಾದಾಗ ಎರಡೂ ಭಾಷೆಯಲ್ಲಿ ನಾಲಿಗೆ ಹೊರಳುವುದಿಲ್ಲ. ಅದಕ್ಕೇ ಹೇಳುತ್ತಿದ್ದೇನೆ.

ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವವರಿಗೆ ಇದು ಗೊತ್ತು. ಎರಡು ಬೇರೆ ಥಾನಿನ ಪೀಸುಗಳು ಬಂಡಲ್ ಕಟ್ಟುವಾಗ ಬೆರೆತುಹೋದರೆ ಹೊಲಿಯುವಾಗ ಕಣ್ಣಿಗೆ ಬೀಳುವುದಿಲ್ಲ, ಎಲ್ಲವೂ ಒಂದೇ ಕಡುನೀಲಿ. ವಾಷಿಂಗ್ ಆಗಿ ಬಂದ ಮೇಲೆ ನೋಡಿದರೆ ಒಂದು ಕಾಲು ಒಂದು ಬಣ್ಣ, ಇನ್ನೊಂದು ಕಾಲು ಇನ್ನೊಂದು. ಬೆರೆಸಿದ ಹುಡುಗ ಅಂದೇ ಬಾಯಿಬಿಟ್ಟಿದ್ದರೆ ಬಂಡಲ್ ಬಿಚ್ಚಿ ಜೋಡಿಸಿಕೊಳ್ಳಬಹುದಿತ್ತು. ಅವನು ಹೆದರಿ ಸುಮ್ಮನಿದ್ದರೆ ಬೈಗುಳ ತಿನ್ನುವವರು ಹೊಲಿದ ಹೆಂಗಸರು. ನಾವು ನುಂಗಿಕೊಂಡ ತಪ್ಪಿನ ಬೆಲೆಯನ್ನು ಬಹಳ ಸಲ ಬೇರೆಯವರು ತೆರುತ್ತಾರೆ ಮಕ್ಕಳೇ. ನನ್ನನ್ನು ಕಾಡುವುದು ಇದೇ.

ಯೆಹೂದಿಗಳ ಧರ್ಮ ಇದನ್ನು ಚೆನ್ನಾಗಿ ಬಲ್ಲದು. ವರ್ಷಕ್ಕೊಮ್ಮೆ ಬರುವ ಯೋಮ್ ಕಿಪ್ಪುರ್ ದಿನ ಅವರು ನೀರನ್ನೂ ಮುಟ್ಟದೆ ಉಪವಾಸವಿದ್ದು, ಎದೆ ತಟ್ಟಿಕೊಂಡು, ತಪ್ಪುಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತಾರೆ. ಆದರೆ ನೆರೆಯವನಿಗೆ ಮಾಡಿದ ಅನ್ಯಾಯ ಆ ಉಪವಾಸದಿಂದ ಕಳೆಯುವುದಿಲ್ಲ. ಮೊದಲು ಅವನ ಹತ್ತಿರ ಹೋಗಿ ಅವನ ಮನಸ್ಸು ತಿಳಿಯಾಗಿಸಬೇಕು. ಇದು ಅವರ ಮಿಶ್ನಾ ಗ್ರಂಥದ ಕಟ್ಟಳೆ. ದೇವರ ಮುಂದೆ ಅಳುವುದು ಸುಲಭ, ಪಕ್ಕದ ಹೊಲದವನ ಮುಂದೆ ನಿಲ್ಲುವುದೇ ಕಷ್ಟ. ಆ ಕಷ್ಟವನ್ನೇ ಅವರು ಸಾಧನೆ ಮಾಡಿಕೊಂಡರು.

ನಾಲ್ಕನೇ ಶತಮಾನದಲ್ಲಿ ಬ್ಯಾಬಿಲೋನಿಯಾದಲ್ಲಿ ರಾವಾ ಎಂಬ ಅವರ ದೊಡ್ಡ ಗುರುವಿದ್ದ. ಆಗ ಗುರು ಮೆಲ್ಲಗೆ ಹೇಳಿದ್ದನ್ನು ಇನ್ನೊಬ್ಬ ಎದ್ದುನಿಂತು ಗಟ್ಟಿಯಾಗಿ ಸಭೆಗೆ ಸಾರುತ್ತಿದ್ದ. ತಾನು ಕೊಟ್ಟ ತೀರ್ಮಾನ ತಪ್ಪೆಂದು ಗೊತ್ತಾದಾಗ ರಾವಾ ಅದನ್ನು ಸಹ ಹಾಗೆಯೇ ಎಲ್ಲರಿಗೂ ಕೇಳುವಂತೆ ಸಾರಿಸಿದನೆಂದು ಅವರ ತಾಲ್ಮುದ್ ಗ್ರಂಥ ಹೇಳುತ್ತದೆ. ಅದರಿಂದ ಅವನ ಮಾತಿನ ತೂಕ ಕಡಿಮೆಯಾಗಲಿಲ್ಲ, ತಾಲ್ಮುದ್ ತುಂಬ ಅವನ ಮಾತೇ ಇದೆ. ನೀವೂ ನೋಡಿ, ಊರ ಕಟ್ಟೆಯ ಮೇಲೆ ಒಬ್ಬರನ್ನು ಕಳ್ಳನೆಂದು ಕರೆದು, ಆಮೇಲೆ ಗೋಡೆಯ ಮರೆಯಲ್ಲಿ ಕೈ ಹಿಡಿದುಕೊಂಡರೆ ಏನು ಬಂತು? ಆ ಕಟ್ಟೆಯ ಮೇಲೇ ಹೇಳಬೇಕು. ವಾಟ್ಸಾಪ್ ಗುಂಪಿನಲ್ಲಿ ಆಡಿದ್ದಾದರೆ ಆ ಗುಂಪಿನಲ್ಲೇ.

ಇದು ಹೊರಗಿನವರ ಸಂಗತಿ ಎಂದುಕೊಳ್ಳಬೇಡಿ. ರಾಯದುರ್ಗದಲ್ಲಿ 1355ರಲ್ಲಿ, ವಿಜಯನಗರದ ಒಂದನೇ ಹರಿಹರನ ಕಾಲಕ್ಕೆ, ಜೈನ ತೀರ್ಥಂಕರ ಶಾಂತಿನಾಥನ ಬಿಂಬ ಪ್ರತಿಷ್ಠೆಯಾಯಿತು. ಮಡಕಶಿರಾ ಕಡೆಯ ಅಮರಾಪುರದ 1278ರ ಶಾಸನದಲ್ಲಿ ಜಿನಾಲಯಕ್ಕೆ ಅಡಿಕೆ ಮರಗಳನ್ನು ಬಿಟ್ಟುಕೊಟ್ಟ ವಿವರವಿದೆ. ಅಂದರೆ ಜೈನರು ಈ ನೆಲದ ಹಳೆಯ ಒಕ್ಕಲು. ಗುರುವಿನೆದುರು ದೋಷ ಹೇಳಿಕೊಳ್ಳುವ ಆಲೋಚನಾ, ನಡೆದದ್ದನ್ನು ನೆನೆದು ಹಿಂದಿರುಗುವ ಪ್ರತಿಕ್ರಮಣ ಅವರ ನಿತ್ಯವ್ರತ. ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಾಣಿಯಂದು ಒಬ್ಬರನ್ನೊಬ್ಬರು ಕ್ಷಮೆ ಕೇಳುತ್ತಾರೆ. ಈಗ ಅದೂ ಎಲ್ಲರಿಗೂ ಒಂದೇ ಮೆಸೇಜ್ ಕಳಿಸುವಲ್ಲಿಗೆ ಬಂದಿದೆ ಎಂದು ನನಗೆ ಸಂಕಟ. ನೂರು ಜನಕ್ಕೆ ಹೋದ ಕ್ಷಮೆ ನೊಂದ ಒಬ್ಬರಿಗೆ ತಲುಪುವುದಿಲ್ಲ. ಹೆಸರು ಹಿಡಿದು ಕರೆಯಿರಿ. ಏನು ಮಾಡಿದಿರೋ ಅದನ್ನೇ ಹೇಳಿ. "ಆದರೆ ನೀವೂ ಅವತ್ತು..." ಎಂದು ಬಾಲ ಸೇರಿಸಬೇಡಿ.

ನಮ್ಮಲ್ಲಿ ಬಸವಣ್ಣನವರಿದ್ದ ಶತಮಾನದಲ್ಲೇ ಯೆಹೂದಿಗಳಲ್ಲಿ ಮೈಮೊನಿಡಿಸ್ ಎಂಬ ಪಂಡಿತ ಕ್ಷಮೆ ಕೇಳುವ ಕ್ರಮವನ್ನೆಲ್ಲ ಬರೆದಿಟ್ಟ. ನೊಂದವನು ತೀರಿಹೋಗಿದ್ದರೆ ಹತ್ತು ಜನರನ್ನು ಕರೆದುಕೊಂಡು ಸಮಾಧಿಯ ಬಳಿ ಹೋಗಿ ಹೇಳಬೇಕಂತೆ. ಅಲ್ಲಿಯವರೆಗೆ ತಡಮಾಡಬೇಡಿ, ಹಟ್ಟಿಯಲ್ಲೋ ಬೆಂಗಳೂರಿನಲ್ಲೋ ಅವರು ಬದುಕಿರುವಾಗಲೇ ಹೋಗಿ. ಬದುಕಿರುವವನು ಒಪ್ಪದಿದ್ದರೆ ಮೂರು ಸಲ ಕೇಳಬೇಕು, ಜೊತೆಗೆ ಅವನ ಗೆಳೆಯರನ್ನೂ ಕರೆದುಕೊಂಡು ಹೋಗಬೇಕು ಎನ್ನುತ್ತಾನೆ ಅವನು. ಹಾಗಾಗಿ ಮೊದಲ ಸಲ ಮುಖಕ್ಕೆ ಬಾಗಿಲು ಹಾಕಿಕೊಂಡರೆ ಮುನಿಸಿಕೊಂಡು ಬಂದುಬಿಡಬೇಡಿ; ನಿಮ್ಮ ಪಾಲಿನದು ಇನ್ನೂ ಬಾಕಿ ಇರುತ್ತದೆ.