ಕೊಡಲಾಗುವಷ್ಟನ್ನೇ ಒಪ್ಪಿಕೋ

ಪುಟ್ಟಾ, ಗೊತ್ತಿಲ್ಲದ ನಂಬರಿನಿಂದ ಕರೆ ಬಂದಾಗಲೆಲ್ಲ ಫೋನನ್ನು ಮಗುಚಿ ಇಡುತ್ತೀಯಲ್ಲ, ಅದನ್ನು ಮೊದಲು ಬಿಡು. ಬ್ಯಾಂಕಿನ ಸಾಲದ ವಿಭಾಗದಲ್ಲಿ ಕೂತಿದ್ದಷ್ಟು ವರ್ಷವೂ ತಲೆಮರೆಸಿಕೊಂಡು ಸಾಲ ತೀರಿಸಿದವರೊಬ್ಬರನ್ನೂ ನಿನ್ನ ದೊಡ್ಡಮ್ಮ ನೋಡಲಿಲ್ಲ. ಒಂದು ಕಂತು ತಪ್ಪಿದ ವಾರದಲ್ಲೇ ಬಂದು, "ಮೇಡಂ, ಕೆಲಸ ಹೋಗಿದೆ, ಎರಡು ತಿಂಗಳು ಇಷ್ಟೇ ಕಟ್ಟಕ್ಕಾಗೋದು" ಅಂದವರಿಗೆ ಏನಾದರೊಂದು ದಾರಿ ಹುಡುಕುತ್ತಿದ್ದೆವು. ಮೂರು ನೋಟಿಸು ಹೋದರೂ ಸುಳಿವೇ ಇಲ್ಲದವರ ಫೈಲು ವಸೂಲಿಯವರ ಕೈಗೆ ಹೋಗುತ್ತಿತ್ತು. ಇಬ್ಬರ ಕಷ್ಟವೂ ಒಂದೇ ಇದ್ದಿರಬಹುದು, ಆದರೆ ಒಬ್ಬರದು ಮಾತ್ರ ನಮಗೆ ಗೊತ್ತಾಗುತ್ತಿತ್ತು. ಬಾಕಿ 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ, ಆಗುತ್ತದೆ. ಅದಕ್ಕೆ ಮುಂಚೆ ಆಡಿದ ಮಾತಿಗೆ ಇರುವ ಬೆಲೆ ಆಮೇಲೆ ಆಡುವ ಮಾತಿಗೆ ಇರುವುದಿಲ್ಲ.

ಮಾತಿಗೆ ಹೋಗುವ ಮುಂಚೆ ಲೆಕ್ಕ ಬರಿ. ಮೊಬೈಲಿನಲ್ಲಿ ಬೇಡ, ಒಂದು ಉದ್ದನೆಯ ನೋಟ್‌ಬುಕ್ಕು ತಗೋ. ಸಾಲಕ್ಕೊಂದು ಪುಟ. ಯಾರದು, ಅಸಲೆಷ್ಟು, ಬಡ್ಡಿ ಎಷ್ಟು, ಕಂತಿನ ತಾರೀಖು ಯಾವುದು, ಎಷ್ಟು ಕಂತು ತಪ್ಪಿದೆ, ಅಡ ಇಟ್ಟಿರುವುದೇನು, ಜಾಮೀನು ಹಾಕಿದವರು ಯಾರು. ಕಾರ್ಡು, ಪರ್ಸನಲ್ ಲೋನು, ಬೈಕಿನ ಸಾಲ, ಆ್ಯಪಿನ ಸಾಲ ಇವಷ್ಟೇ ಅಲ್ಲದೆ ಸೊಸೈಟಿಯ ಬಾಕಿ, ರೂಮ್‌ಮೇಟ್ ಹತ್ತಿರದ ಕೈಗಡ, ಎತ್ತಿಬಿಟ್ಟಿರುವ ಚೀಟಿ ಎಲ್ಲವೂ ಬರಬೇಕು. ನಾಚಿಕೆಪಟ್ಟು ಬರೆಯದೆ ಬಿಟ್ಟ ಸಾಲವೇ ನಾಲ್ಕು ತಿಂಗಳು ಕಳೆದ ಮೇಲೆ ಎದ್ದು ಬಂದು ಉಳಿದ ಲೆಕ್ಕವನ್ನೆಲ್ಲ ಕೆಡಿಸುತ್ತದೆ. ಯಾವುದಾದರೂ ಮರೆತಿದ್ದೀಯೇನೋ ಅನ್ನಿಸಿದರೆ ಕ್ರೆಡಿಟ್ ವರದಿ ತರಿಸಿ ನೋಡು. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ನಾಲ್ವರೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಪುಕ್ಕಟೆ ಕೊಡಬೇಕು ಎಂದು ರಿಸರ್ವ್ ಬ್ಯಾಂಕಿನ ಆದೇಶವೇ ಇದೆ.

ಕೊನೆಯ ಪುಟ ನಿನ್ನ ಸಂಬಳದ್ದು. ಕೈಗೆ ಬರುವುದು 38,000 ಅನ್ನೋಣ. ಊಟ ಸೇರಿ ಪಿಜಿಗೆ 9,000. ಓಡಾಟಕ್ಕೆ 2,500. ಊರಿಗೆ ಅಮ್ಮನಿಗೆ ಕಳಿಸುವುದು 6,000. ಫೋನು, ಔಷಧಿ, ಸೋಪು, ಕ್ಷೌರ ಅಂತ 3,000. ಇಲ್ಲಿಯವರೆಗೆ ಎಲ್ಲರೂ ಸರಿಯಾಗಿಯೇ ಬರೆಯುತ್ತಾರೆ. ಎಡವುವುದು ಇದರ ಮುಂದೆ. ಹಬ್ಬಕ್ಕೆ ಊರಿಗೆ ಹೋಗುವ ಬಸ್ಸಿನ ಟಿಕೆಟ್ಟು, ಗೆಳೆಯನ ಮದುವೆಯ ಮುಯ್ಯಿ, ಒಡೆದ ಕನ್ನಡಕ, ಬೈಕಿನ ಇನ್ಶೂರೆನ್ಸು ಇವು ಯಾವ ಪಟ್ಟಿಯಲ್ಲೂ ಇರುವುದಿಲ್ಲ, ಆದರೆ ಒಂದಲ್ಲ ಒಂದು ತಿಂಗಳು ಬಂದೇ ಬರುತ್ತವೆ. ಬಂದಾಗ ಕೈಯಲ್ಲಿ ಕಾಸಿಲ್ಲದೆ ಮತ್ತೆ ಕಾರ್ಡು ಉಜ್ಜುತ್ತೀಯ. ಅದಕ್ಕೇ ತಿಂಗಳಿಗೆ 2,500 ರೂಪಾಯಿಯನ್ನು ಬೇರೆ ಖಾತೆಯಲ್ಲಿ ಎತ್ತಿಡು. ಈಗ ಸಾಲಕ್ಕೆ ಉಳಿದದ್ದು 15,000. ನಿನ್ನ ಕಂತುಗಳೆಲ್ಲ ಸೇರಿ 24,000 ಆಗುತ್ತಿದ್ದರೆ ಅದು ನಡೆಯದ ಮಾತು. ಹೇಗೋ ಸಂಭಾಳಿಸುತ್ತೇನೆ ಅಂತ ಇನ್ನೂ ಆರು ತಿಂಗಳು ತಳ್ಳುವ ಬದಲು, 15,000ದಲ್ಲಿ ಯಾರಿಗೆ ಎಷ್ಟು ಅನ್ನುವುದನ್ನು ಈಗಲೇ ಹಂಚು.

ಹಂಚುವಾಗ ಜೋರಾಗಿ ಕೂಗುವವನಿಗೆ ಮೊದಲು ಕೊಡಬೇಡ. ನನ್ನ ಎಣಿಕೆಯಲ್ಲಿ, ಇನ್ನೊಬ್ಬರು ನಿನ್ನನ್ನು ನಂಬಿ ಜಾಮೀನು ಸಹಿ ಹಾಕಿರುವ ಸಾಲಕ್ಕೆ ಮೊದಲ ಪಾಲು, ಅದರ ಬಡ್ಡಿ ಎಷ್ಟೇ ಕಡಿಮೆ ಇರಲಿ. ನೀನು ಕಟ್ಟದಿದ್ದರೆ ಅವರ ಸಂಬಳಕ್ಕೆ ಕೈ ಬೀಳುತ್ತದೆ, ಆ ಮುರಿದ ಸಂಬಂಧವನ್ನು ಯಾವ ಸೆಟ್ಲ್‌ಮೆಂಟೂ ಕೂಡಿಸುವುದಿಲ್ಲ. ಎರಡನೆಯದು ಅಡ ಇಟ್ಟಿರುವ ವಸ್ತುವಿನ ಸಾಲ. ಬೈಕು ಹೋದರೆ ಕೆಲಸಕ್ಕೆ ಹೋಗುವುದೇ ಕಷ್ಟ. ಅಮ್ಮನ ಸರ ಹರಾಜಾದರೆ ಅದು ಮರಳಿ ಬರುವುದಿಲ್ಲ. ಆಮೇಲೆ ಬಡ್ಡಿ ಹೆಚ್ಚಿರುವವು, ಅಂದರೆ ನಿನ್ನ ಕಾರ್ಡು.

ಕಾರ್ಡಿನ ವಿಷಯ ಸ್ವಲ್ಪ ನಿಧಾನವಾಗಿ ಕೇಳು. ಒಂದು ಲಕ್ಷ ಬಾಕಿ ಇದೆ, ಬಿಲ್ಲಿನಲ್ಲಿ ಮಿನಿಮಮ್ ಡ್ಯೂ 5,000 ಅಂತ ಇದೆ, ಅದನ್ನು ತಪ್ಪದೆ ಕಟ್ಟುತ್ತಿದ್ದೀಯ. ತಿಂಗಳಿಗೆ ಶೇಕಡಾ ಮೂರೂವರೆಯಂತೆ ಬಡ್ಡಿಯೇ 3,500. ಆ ಬಡ್ಡಿಯ ಮೇಲೆ ಶೇಕಡಾ 18 ಜಿಎಸ್‌ಟಿ, 630. ನೀನು ಕೊಟ್ಟ ಐದು ಸಾವಿರದಲ್ಲಿ ಅಸಲಿಗೆ ಹೋದದ್ದು 870 ರೂಪಾಯಿ. ಅದರ ಮೇಲೆ ಸಾವಿರ ರೂಪಾಯಿಯ ಪೆಟ್ರೋಲನ್ನು ಅದೇ ಕಾರ್ಡಿನಲ್ಲಿ ಹಾಕಿಸಿದರೆ ಬಾಕಿ ಕರಗುವ ಬದಲು ಬೆಳೆಯಿತು. ಹಳೇ ಬಾಕಿ ಇರುವಷ್ಟು ಕಾಲ ಹೊಸ ಖರೀದಿಗೆ ಬಡ್ಡಿಯಿಲ್ಲದ ದಿನಗಳ ಸೌಲಭ್ಯವೂ ಇರುವುದಿಲ್ಲ. ಆದ್ದರಿಂದ ಕಾರ್ಡನ್ನು ಇವತ್ತೇ ಬ್ಲಾಕ್ ಮಾಡಿಸು, ಬಾಕಿಯನ್ನು ಕಡಿಮೆ ಬಡ್ಡಿಯ ಇಎಂಐಗೆ ಬದಲಿಸಿಕೊಡಿ ಎಂದು ಬ್ಯಾಂಕಿಗೆ ಬರಿ. ಕಾರ್ಡು ತೀರಿಸಲು ಆ್ಯಪಿನಲ್ಲಿ, ಆ್ಯಪಿಗೆ ಕಟ್ಟಲು ಇನ್ನೊಂದು ಆ್ಯಪಿನಲ್ಲಿ ತೆಗೆಯುವ ಆಟ ಮಾತ್ರ ಇಲ್ಲಿಗೆ ನಿಲ್ಲಬೇಕು. ಇದರಲ್ಲಿ ನಾನು ಒಂದಿಷ್ಟೂ ಸಡಿಲ ಕೊಡುವುದಿಲ್ಲ.

ಈಗ ಸಾಲ ಕೊಟ್ಟವರ ಜೊತೆ ಮಾತು. ನೀನಾಗಿಯೇ ಫೋನು ಮಾಡು. ಅಳಬೇಡ, ಕಥೆ ಹೇಳಬೇಡ, ಸುಳ್ಳಂತೂ ಬೇಡ. "ನನ್ನ ಸಾಲದ ಖಾತೆ ಸಂಖ್ಯೆ ಇಷ್ಟು. ನನ್ನ ಆದಾಯ ಇಷ್ಟು, ಒಟ್ಟು ಕಂತು ಇಷ್ಟು. ಪ್ರತಿ ತಿಂಗಳು 5ನೇ ತಾರೀಖು 4,000 ಕಟ್ಟಬಲ್ಲೆ. ಕಂತು ಇಳಿಸಿ ಅವಧಿ ಹೆಚ್ಚಿಸಿಕೊಡಿ" ಇಷ್ಟು ಸಾಕು. ಎದುರಿನವರು ಆರು ಸಾವಿರ ಕಟ್ಟಿ ಅನ್ನುತ್ತಾರೆ. ಫೋನು ಇಟ್ಟರೆ ಸಾಕು ಅನ್ನುವ ಆತುರದಲ್ಲಿ ಹೂಂ ಅನ್ನಬೇಡ. ನಾಲ್ಕು ಒಪ್ಪಿ ನಾಲ್ಕು ಕಟ್ಟಿದವನನ್ನು ಅವರು ನಂಬುತ್ತಾರೆ, ಆರು ಒಪ್ಪಿ ಐದು ಕಟ್ಟಿದವನನ್ನು ಮಾತು ತಪ್ಪಿದವನು ಎಂದೇ ಬರೆದುಕೊಳ್ಳುತ್ತಾರೆ. ಅವಧಿ ಹೆಚ್ಚಿದರೆ ಒಟ್ಟು ಬಡ್ಡಿಯೂ ಹೆಚ್ಚುತ್ತದೆ ಎನ್ನುವುದು ನಿನಗೆ ತಿಳಿದಿರಲಿ. ಅದು ಉಸಿರಾಡಲು ಜಾಗ ಸಿಕ್ಕಿದ್ದಕ್ಕೆ ಕೊಡುವ ಬೆಲೆ, ಸಂಬಳ ಏರಿದಾಗ ಹೆಚ್ಚು ಕಟ್ಟಿ ಇಳಿಸಿಕೊಳ್ಳಬಹುದು.

ಫೋನಿನಲ್ಲಿ ಆಡಿದ್ದನ್ನೆಲ್ಲ ಅದೇ ದಿನ ಇಮೇಲಿನಲ್ಲಿ ಬರೆದು ಕಳಿಸು. ಒಪ್ಪಿಗೆ ಬರಹದಲ್ಲಿ ಬರುವವರೆಗೆ ಒಪ್ಪಿಗೆ ಆಗಿಲ್ಲ ಎಂದೇ ತಿಳಿ. ಕಂತಿನ ತಾರೀಖನ್ನು ಸಂಬಳ ಬಂದ ಮಾರನೆಯ ದಿನಕ್ಕೋ ಅದರಾಚೆಯ ದಿನಕ್ಕೋ ಹಾಕಿಸಿಕೋ. ಖಾತೆಯಲ್ಲಿ ದುಡ್ಡಿಲ್ಲದೆ ಆಟೋ ಡೆಬಿಟ್ ಬೌನ್ಸ್ ಆದರೆ ನಿನ್ನ ಬ್ಯಾಂಕೂ ದಂಡ ಹಾಕುತ್ತದೆ, ಸಾಲ ಕೊಟ್ಟವರೂ ಹಾಕುತ್ತಾರೆ. ಚೆಕ್ ಬೌನ್ಸಿಗೆ ಇರುವಂತೆಯೇ ಇದಕ್ಕೂ 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯಲ್ಲಿ ಕೇಸು ಹಾಕಲು ಅವಕಾಶವಿದೆ. ಸಾಲ ಕಟ್ಟಲಾಗದೆ ಇರುವುದು ತಾನಾಗಿಯೇ ಅಪರಾಧವಲ್ಲ, ಅದು ಸಿವಿಲ್ ವ್ಯಾಜ್ಯ. ಹಾಗಾಗಿ "ಸಂಜೆ ಪೊಲೀಸ್ ಬರ್ತಾರೆ" ಎಂದು ಯಾರಾದರೂ ಹೇಳಿದರೆ ಹೆದರಿ ಎಲ್ಲಿಂದಲೋ ದುಡ್ಡು ತರಬೇಡ. ಆದರೆ ಚೆಕ್ ಬೌನ್ಸಿನ ನೋಟಿಸು, ಕೋರ್ಟಿನ ಸಮನ್ಸು, ಲೋಕ ಅದಾಲತ್ತಿನ ಪತ್ರ ಬಂದರೆ ಡ್ರಾಯರಿಗೆ ತುರುಕಬೇಡ. ಲೋಕ ಅದಾಲತ್ತಿಗಂತೂ ಹೋಗಲೇಬೇಕು. ಅಲ್ಲಿ ಕೋರ್ಟ್ ಶುಲ್ಕವಿಲ್ಲ, ಇಬ್ಬರೂ ಒಪ್ಪಿದ ರಾಜಿಗೆ ಡಿಕ್ರಿಯ ಬಲ ಇರುತ್ತದೆ.

ವಸೂಲಿ ಏಜೆಂಟರ ಭಯ ನಿನಗೆ ಹೆಚ್ಚು ಎಂದು ಗೊತ್ತು. ಬಾಕಿ ವಸೂಲಿಗೆ ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಕರೆ ಮಾಡಕೂಡದು, ಬೆದರಿಸಕೂಡದು, ಬೈಯಕೂಡದು, ಮನೆಯವರ ಗೆಳೆಯರ ಮುಂದೆ ಮಾನ ಕಳೆಯಕೂಡದು ಎಂದು 2022ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಿದೆ. ಏಜೆಂಟ್ ಬಂದರೆ ಹೆಸರು, ಗುರುತಿನ ಚೀಟಿ, ಬ್ಯಾಂಕು ಕೊಟ್ಟ ಅಧಿಕಾರ ಪತ್ರ ಕೇಳು. ಅವನೂ ಟಾರ್ಗೆಟ್ಟಿನ ಕೆಳಗೆ ನಲುಗುತ್ತಿರುವ ನಿನ್ನ ವಯಸ್ಸಿನ ಹುಡುಗನೇ, ಮರ್ಯಾದೆಯಿಂದ ಮಾತಾಡು. ಮರ್ಯಾದೆ ಮೀರಿದರೆ ಫೋನಿಟ್ಟು, ತಾರೀಖು, ಗಂಟೆ, ನಂಬರು, ಆಡಿದ ಮಾತು ನಿನ್ನ ನೋಟ್‌ಬುಕ್ಕಿನಲ್ಲಿ ಬರೆದುಕೋ. ಅವನ ಕೈಗೆ ನಗದು ಕೊಡಬೇಡ, ಅವನ ಸ್ವಂತ ಯುಪಿಐಗೆ ಹಾಕಬೇಡ, ಕಟ್ಟುವುದೆಲ್ಲ ಸಾಲದ ಖಾತೆಗೇ ನೇರವಾಗಿ. ದೂರು ಮೊದಲು ಬ್ಯಾಂಕಿಗೆ, ಬರಹದಲ್ಲಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿಯಿಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ. ಅದಕ್ಕೆ ಒಂದು ಪೈಸೆ ಖರ್ಚಿಲ್ಲ, ಮಾಹಿತಿ ಬೇಕಾದರೆ 14448ಕ್ಕೆ ಫೋನು ಮಾಡು.

ಆ್ಯಪಿನವರು ಬೇರೆ ಜಾತಿ. ನಿಯಮಕ್ಕೆ ಒಳಪಟ್ಟ ಡಿಜಿಟಲ್ ಸಾಲದವರು ನಿನ್ನ ಫೋನಿನ ಕಾಂಟ್ಯಾಕ್ಟು, ಫೋಟೋಗಳಿಗೆ ಕೈ ಹಾಕುವಂತಿಲ್ಲ. ಕೈ ಹಾಕಿ, ಫೋಟೋ ತಿರುಚಿ ಊರಿಗೆಲ್ಲ ಕಳಿಸುತ್ತೇವೆ ಎನ್ನುವವರು ಸಾಲಿಗರಲ್ಲ, ಅಪರಾಧಿಗಳು. ಅವರಿಗೆ ಉತ್ತರ ಕೊಡುತ್ತಾ ಕೂರದೆ ಸ್ಕ್ರೀನ್‌ಶಾಟ್ ತೆಗೆದು ಸೈಬರ್ ಸಹಾಯವಾಣಿ 1930ಕ್ಕೂ ಹತ್ತಿರದ ಠಾಣೆಗೂ ತಿಳಿಸು. ಮೀಟರ್ ಬಡ್ಡಿ, ದಿನಬಡ್ಡಿ ನಮ್ಮ ರಾಜ್ಯದಲ್ಲಿ 2004ರ ಕಾಯ್ದೆಯಿಂದಲೇ ನಿಷಿದ್ಧ. 2025ರ ಫೆಬ್ರವರಿಯಲ್ಲಿ, ಮೈಕ್ರೋಫೈನಾನ್ಸಿನ ಕಿರುಕುಳ ತಾಳಲಾರದೆ ಹಳ್ಳಿಗಳಲ್ಲಿ ಜೀವಗಳೇ ಹೋದ ಮೇಲೆ, ದಬ್ಬಾಳಿಕೆಯ ವಸೂಲಿಗೆ 10 ವರ್ಷದವರೆಗೆ ಜೈಲು ವಿಧಿಸಬಹುದಾದ ಸುಗ್ರೀವಾಜ್ಞೆಯನ್ನೂ ಸರ್ಕಾರ ತಂದಿತು.

ಇನ್ನು ಸೆಟ್ಲ್‌ಮೆಂಟ್. ಬಾಕಿ ಹಳೆಯದಾದಂತೆ, ಲಕ್ಷಕ್ಕೆ ಐವತ್ತು ಸಾವಿರ ಕಟ್ಟಿ ಮುಗಿಸಿ ಅನ್ನುವ ಮಾತು ಬರುತ್ತದೆ. ಕೇಳಲು ಹಿತವಾಗಿರುತ್ತದೆ. ಆದರೆ ಕ್ರೆಡಿಟ್ ವರದಿಯಲ್ಲಿ ಆ ಸಾಲ 'ಕ್ಲೋಸ್ಡ್' ಎನ್ನುವ ಬದಲು 'ಸೆಟಲ್ಡ್' ಎಂದು ನಮೂದಾಗುತ್ತದೆ. ಮುಂದೊಂದು ದಿನ ಮನೆ ಸಾಲಕ್ಕೆ ಹೋದಾಗ ನನ್ನಂಥವರು ಮೊದಲು ನೋಡುವುದೇ ಆ ಪದವನ್ನು. ನಿಜಕ್ಕೂ ಕೈಲಾಗದವರಿಗೆ ಅದು ಇರಲಿ. ನಿನಗೆ ಕೆಲಸವಿದೆ, ಆರೋಗ್ಯವಿದೆ, ನಿಧಾನವಾಗಿ ಪೂರ್ತಿ ಕಟ್ಟು. ಕಂತು ಕಟ್ಟುವುದನ್ನು ನಿಲ್ಲಿಸಿ, ನಮಗೆ ಫೀಸು ಕೊಡಿ, ಅರ್ಧಕ್ಕೆ ಮುಗಿಸಿಕೊಡುತ್ತೇವೆ ಎನ್ನುವ ಕಂಪನಿಗಳ ಮಾತು ಕೇಳಬೇಡ. ಅವರು ಮಾಡುವ ಮಾತುಕತೆಯನ್ನು ನೀನೇ ಮಾಡಬಹುದು. ತಿಳಿಯದಿದ್ದರೆ ಲೀಡ್ ಬ್ಯಾಂಕಿನ ಹಣಕಾಸು ಸಾಕ್ಷರತಾ ಕೇಂದ್ರದಲ್ಲಿ ಪುಕ್ಕಟೆ ಹೇಳಿಕೊಡುತ್ತಾರೆ.

ಯೋಜನೆ ಮಾಡಿದ ಮೊದಲ ತಿಂಗಳು ಹುರುಪಿರುತ್ತದೆ, ಏಳನೆಯ ತಿಂಗಳಿಗೆ ಬೇಸರ ಹತ್ತುತ್ತದೆ. ಗೆಳೆಯರು ಗೋಕರ್ಣಕ್ಕೆ ಹೊರಟಿರುತ್ತಾರೆ, ನಿನ್ನ ಬಾಕಿಯ ಅಂಕಿ ಅಲ್ಲಾಡಿದಂತೆಯೇ ಕಾಣುವುದಿಲ್ಲ. ಆಗ ಪಿಗ್ಮಿ ಉಳಿತಾಯವನ್ನು ನೆನೆಸಿಕೋ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಉಡುಪಿಯಲ್ಲಿ ಅದನ್ನು ಶುರುಮಾಡಿದಾಗ ದಿನಕ್ಕೆ ಎರಡಾಣೆಯಿಂದ ಕಟ್ಟಬಹುದಿತ್ತು. ಎರಡಾಣೆ ದೊಡ್ಡ ಮೊತ್ತವಲ್ಲ, ಆದರೆ ಪಿಗ್ಮಿಯವರು ದಿನವೂ ಬಾಗಿಲಿಗೆ ಬರುತ್ತಿದ್ದರು, ಅದರಿಂದ ಚಿಕ್ಕ ಅಂಗಡಿಯವರ ಕೈಯಲ್ಲೂ ದುಡ್ಡು ಕೂಡಿತು. ಸಾಲವೂ ಹಾಗೇ ಕರಗುವುದು. ಒಂದು ಸಾಲ ತೀರಿದ ತಿಂಗಳು ಆ ಕಂತಿನ ದುಡ್ಡನ್ನು ಖರ್ಚಿಗೆ ಸೇರಿಸದೆ ಮುಂದಿನ ಸಾಲಕ್ಕೆ ಸೇರಿಸು. ತೀರಿದ ಸಾಲಕ್ಕೆ ನೋ ಡ್ಯೂ ಸರ್ಟಿಫಿಕೇಟ್ ಪಡೆಯದೆ ಬರಬೇಡ. ಎರಡು ತಿಂಗಳ ಮೇಲೆ ವರದಿಯಲ್ಲಿ 'ಕ್ಲೋಸ್ಡ್' ಅಂತ ಬಂತೋ ಇಲ್ಲವೋ ನೋಡು.

ರಾತ್ರಿ ನಿದ್ದೆ ಬಾರದೆ, ಬದುಕೇ ಬೇಡ ಅನ್ನಿಸುವ ಯೋಚನೆ ಒಂದು ಸಲ ಬಂದರೂ, ಎಷ್ಟು ಹೊತ್ತಾದರೂ ನನಗೆ ಫೋನು ಮಾಡು. ನನಗೆ ಹೇಳಲು ಆಗದಿದ್ದರೆ ಟೆಲಿ ಮಾನಸ್ ಇದೆ, 14416. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. ಸಾಲ ಎಷ್ಟೇ ಇರಲಿ, ನೀನು ನಮಗೆ ಬೇಕು.

ನಾನೇ ದುಡ್ಡು ಕೊಟ್ಟು ಕಾರ್ಡಿನ ಬಾಕಿ ತೀರಿಸಿಬಿಡಲೇ ಎಂದೂ ಯೋಚಿಸಿದೆ. ಕೊಡುವುದಿಲ್ಲ. ಈ ಲೆಕ್ಕ ನಿನ್ನ ಕೈಯಲ್ಲಿ ಕೂರುವ ಮೊದಲೇ ಕಾರ್ಡು ಖಾಲಿಯಾದರೆ ಮತ್ತೆ ತುಂಬುತ್ತದೆ, ನೋಟ್‌ಬುಕ್ಕಿಗೆ ನನ್ನ ಹೆಸರಿನದೊಂದು ಪುಟವೂ ಸೇರುತ್ತದೆ. ಭಾನುವಾರ ನಾನು ಮನೆಯಲ್ಲೇ ಇರುತ್ತೇನೆ. ಆರು ತಿಂಗಳ ಸ್ಟೇಟ್‌ಮೆಂಟು, ಸಾಲದ ಕರಾರಿನ ಪ್ರತಿಗಳು ತಗೊಂಡು ಬಾ, ಬ್ಯಾಂಕಿಗೆ ಮೊದಲ ಪತ್ರವನ್ನು ಇಬ್ಬರೂ ಕೂತು ಬರೆಯೋಣ. ಆದರೆ ಬರುವ ಮುಂಚೆ ನಿನ್ನ ಅಮ್ಮನಿಗೆ ಎಲ್ಲ ಹೇಳಿ ಬಾ. ಅವಳು ನನ್ನ ತಂಗಿ, ಎರಡು ದಿನ ಅಳುತ್ತಾಳೆ, ಮೂರನೆಯ ದಿನ ತಾನಾಗಿಯೇ ಲೆಕ್ಕಕ್ಕೆ ಕೂರುತ್ತಾಳೆ. ನೀನು ಕಳಿಸುವ ಆರು ಸಾವಿರದಲ್ಲಿ ಎಷ್ಟು ಕಡಿಮೆಯಾದರೂ ನಡೆದೀತು ಎನ್ನುವುದನ್ನು ಅವಳೇ ಹೇಳಲಿ.